ಅಡ್ಮಿರಲ್‌ನ ಕಲ್ಲುಮನೆ

ಶನಿವಾರ ಬೆಳಿಗ್ಗೆ ಕುರಲಾಯ್ ಇನ್ನೂ ಮೊದಲ ಗುಟುಕು ಚಹಾ ಕುಡಿದಿರಲಿಲ್ಲ, ಫೋನ್ ಬಡಿದುಕೊಂಡಿತು.

"ಬೇಗ ಬನ್ನಿ. ಮನೆಗೆ ಬಂದ ಅತಿಥೀನ ಹೊಡೆದು ಸಾಯಿಸ್ತಿದಾನೆ!" ಗಂಡಸಿನ ದನಿ, ಏದುಸಿರು.

"ಯಾರು?"

"ಅಡ್ಮಿರಲ್."

"ರೀ, ಇದು ಪೊಲೀಸ್ ಸ್ಟೇಷನ್ ಅಲ್ಲ."

"ಮೀನು ರೀ, ಮೀನು! ಉಪ್ಪುನೀರಿನ ಅಕ್ವೇರಿಯಂ ನೋಡ್ಕೊಳ್ಳೋರು ನೀವೇ ತಾನೇ?"

ಕುರಲಾಯ್ ಬಟ್ಟಲನ್ನು ಹಾಗೇ ಬಿಟ್ಟು ಎದ್ದಳು.

ಕಜಕ್ ನಾಡಿನ ಅಲ್ಮಾಟಿಯಿಂದ ಯಾವ ದಿಕ್ಕಿಗೆ ನಡೆದರೂ ನಿಜವಾದ ಸಮುದ್ರ ಸಿಗುವಷ್ಟರಲ್ಲಿ ನಾಲ್ಕು ಜೊತೆ ಬೂಟು ಸವೆಯುತ್ತವೆ. ಅದಕ್ಕೇ ಇರಬೇಕು, ಈ ಊರಿನ ಕೆಲವರಿಗೆ ಸಮುದ್ರದ ಹುಚ್ಚು ಜಾಸ್ತಿ. ಮನೆಯೊಳಗೆ ಗಾಜಿನ ತೊಟ್ಟಿ ಕಟ್ಟಿಸಿ, ಚೀಲದಲ್ಲಿ ಬರುವ ಉಪ್ಪನ್ನು ಅಳತೆ ನೋಡಿ ಕಲಸಿ, ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ನೀರನ್ನು ಉಗುರುಬೆಚ್ಚಗೆ ಇಟ್ಟುಕೊಳ್ಳುತ್ತಾರೆ. ಅಂಥ ಇಪ್ಪತ್ತಾರು ಮನೆಗಳ ಸಮುದ್ರ ಕುರಲಾಯ್‌ಳ ಕೈಯಲ್ಲಿತ್ತು. ವಯಸ್ಸು ಮೂವತ್ತಮೂರು. ತನ್ನ ಕೆಲಸ ತನಗೆ ಚೆನ್ನಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಬಚ್ಚಿಡುವ ಸಂಕೋಚವೂ ಇರಲಿಲ್ಲ.

ಮನೆ ಬೆಟ್ಟದ ಕಡೆಗಿನ ಬೀದಿಯಲ್ಲಿತ್ತು. ಅಂಗಳದಲ್ಲಿ ಹೂ ಬಿಟ್ಟ ಸೇಬಿನ ಮರ. ಬಾಗಿಲು ತೆರೆದವನು ಎತ್ತರದ ಆಳು, ಇಸ್ತ್ರಿ ಮಾಡಿದ ಶರ್ಟು, ಭುಜದವರೆಗೂ ಒದ್ದೆಯಾದ ತೋಳು, ಕೈಯಲ್ಲೊಂದು ಸೂಪ್ ಸೌಟು.

"ಅದರಲ್ಲಿ ಮೀನು ಹಿಡೀತಿದ್ರಾ?"

"ಹಿಡಿಯೋಕೆ ಹೋಗಿದ್ದೆ."

"ಅದೇನು ಸೌಟಿಗೆ ಬಂತಾ?"

"ಇಲ್ಲ. ಎರಡು ಸಲ ನನ್ನನ್ನ ನೋಡಿ ನಕ್ಕಂಗಾಯ್ತು."

ಕುರಲಾಯ್‌ಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆ ಸುಮ್ಮನಿರುತ್ತದೆ ಎಂಬುದನ್ನು ಅವಳು ಚಪ್ಪಲಿ ಬಿಡುವಷ್ಟರಲ್ಲಿ ಗಮನಿಸಿಯಾಗಿತ್ತು. ಹೆಸರು ದೌರೆನ್, ಹಲ್ಲಿನ ಡಾಕ್ಟರ್.

ದೊಡ್ಡ ಕೋಣೆಯ ಒಳಗೋಡೆಗೆ ಒರಗಿಕೊಂಡು ತೊಟ್ಟಿ ನಿಂತಿತ್ತು. ಅದರೊಳಗೆ ಒಂದರ ಮೇಲೊಂದು ಪೇರಿಸಿದ ಕಲ್ಲುಗಳು, ನಡುವೆ ಆಳವಾದ ಗುಹೆ. ಗುಹೆಯ ಬಾಯಲ್ಲಿ ಅಂಗೈ ಅಗಲದ ನೇರಳೆ ಮೀನೊಂದು ಹಳದಿ ಬಾಲ ಬೀಸುತ್ತ ಕಾವಲು ಹೊಡೆಯುತ್ತಿತ್ತು. ಇದೇ ಅಡ್ಮಿರಲ್. ಪಂಪಿನ ಮೂಲೆಯಲ್ಲಿ ಅದೇ ಆಕಾರದ, ನಿಂಬೆಹಣ್ಣಿನ ಬಣ್ಣದ ಚಿಕ್ಕ ಮೀನು ಗಾಜಿಗೆ ಅಂಟಿಕೊಂಡು ನಡುಗುತ್ತಿತ್ತು. ಅದರ ರೆಕ್ಕೆ ಎರಡು ಕಡೆ ಹರಿದಿತ್ತು.

"ಡಾಕ್ಟರೇ, ಇದರ ಜಾತಿಗೆ ಸರ್ಜನ್ ಮೀನು ಅಂತಾರೆ. ಬಾಲದ ಬುಡದಲ್ಲಿ ಆ ಬಿಳಿ ಮುಳ್ಳು ನೋಡಿ. ಚಾಕು ಅದು. ನಿಮ್ಮ ಕಸುಬಿನವನೇ," ಎಂದಳು ಕುರಲಾಯ್. "ಹೊಸದನ್ನ ಎಲ್ಲಿ ಬಿಟ್ರಿ?"

ದೌರೆನ್ ಗುಹೆಯತ್ತ ಬೆರಳು ತೋರಿಸಿದ. "ಅಲ್ಲಿ. ಅಮ್ಮ ಹೇಳಿದ್ರು, ಹೊಸಬ ಅಂದ್ರೆ ಅತಿಥಿ, ಅತಿಥೀನ ಬಾಗಿಲ ಹತ್ರ ಕೂರಿಸ್ತಾರೇನೋ, ತೋರ್‌ನಲ್ಲೇ ಬಿಡು ಅಂತ."

ತೋರ್ ಎಂದರೆ ಬಾಗಿಲಿಗೆ ನೇರ ಎದುರು, ಒಳಗೋಡೆಗೆ ಒರಗಿ ಕೂರುವ ಮರ್ಯಾದೆಯ ಜಾಗ. ಕಜಕ್ ಮನೆಗೆ ಹಗೆಯೇ ಬಂದರೂ ಮೊದಲು ಅಲ್ಲಿ ಕೂರಿಸಿ, ಟೀ ಕೊಟ್ಟು, ಜಗಳ ಆಮೇಲೆ. ಹತ್ತು ವರ್ಷದಲ್ಲಿ ಕುರಲಾಯ್ ಅಕ್ವೇರಿಯಂ ಸಾಕುವವರ ನೂರೆಂಟು ತಪ್ಪು ನೋಡಿದ್ದಳು. ಮೀನಿಗೆ ತೋರ್ ಕೊಟ್ಟವರನ್ನು ನೋಡಿರಲಿಲ್ಲ. ಇಂಥ ತಪ್ಪು ಮಾಡುವುದು ತನ್ನ ಜನಕ್ಕೆ ಮಾತ್ರ ಸಾಧ್ಯ ಎಂದು ಅವಳಿಗೆ ಅಕ್ಕರೆಯೇ ಬಂತು.

"ಅದು ತೋರ್ ಅಲ್ಲ, ಅಡ್ಮಿರಲ್ ಮಲಗೋ ಹಾಸಿಗೆ. ನಿಮ್ಮ ಹಾಸಿಗೆ ಮೇಲೆ ಯಾರನ್ನೋ ತಂದು ಮಲಗಿಸಿದ್ರೆ ಸುಮ್ನಿರ್ತೀರಾ?"

ದೌರೆನ್ ಯೋಚಿಸಿದ. "ಯಾರನ್ನ ಅಂತ ನೋಡ್ಬೇಕಾಗುತ್ತೆ," ಎಂದ. ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂದು ಹೊಳೆದು, ಸೌಟಿನತ್ತ ನೋಡತೊಡಗಿದ.

"ಮೀನಿಗೆ ಮರ್ಯಾದೆ ಕೊಟ್ಟಿದ್ದು ತಪ್ಪಾ, ಹುಡುಗಿ?"

ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಕಿರಿಯರ ಬಾಯಲ್ಲಿ ಅಪಾ, ಅಂದರೆ ದೊಡ್ಡಮ್ಮ. ಹೆಸರು ಬಾಲ್ಜಾನ್, ಅಂದರೆ ಜೇನಿನಂಥ ಜೀವ. ಹೆಸರಿಟ್ಟವರು ಅವರಿಗೆ ಮಾತು ಬರುವ ಮುಂಚೆಯೇ ಇಟ್ಟಿದ್ದರೆನ್ನುವುದರಲ್ಲಿ ಅನುಮಾನವಿಲ್ಲ.

"ತಪ್ಪಲ್ಲ ಅಪಾ. ಆದ್ರೆ ಸಮುದ್ರದಲ್ಲಿ ಹೊಸಬರು ಬಾಗಿಲ ಹತ್ರಾನೇ ಕೂರೋದು," ಎನ್ನುತ್ತ ಕುರಲಾಯ್ ಬಲೆ ಇಳಿಸಿ, ಒಂದೇ ಸಲಕ್ಕೆ ಹಳದಿ ಮೀನನ್ನು ಎತ್ತಿ, ಸುತ್ತ ತೂತು ಕೊರೆದ ಪಾರದರ್ಶಕ ಡಬ್ಬಿಗೆ ಹಾಕಿ, ಡಬ್ಬಿಯನ್ನು ತೊಟ್ಟಿಯೊಳಗೇ ನೇತುಹಾಕಿದಳು. ಅಡ್ಮಿರಲ್ ಬಂದು ಡಬ್ಬಿಗೆ ಗುದ್ದಿದ. ಮೂತಿ ನೊಂದಿರಬೇಕು, ಹಿಂದೆ ಸರಿದ.

"ಹತ್ತು ದಿನ ಹೀಗೇ ಇರಲಿ. ನೋಡಿ ನೋಡಿ ಒಗ್ಗಿಕೊಳ್ಳಲಿ. ಇದರ ಹೆಸರೇನು?"

"ಇನ್ನೂ ಇಟ್ಟಿಲ್ಲ," ಎಂದ ದೌರೆನ್. "ಅಪ್ಪ ಕೊನೆಗಾಲದಲ್ಲಿ ಒಂದು ಹಳದಿ ಮೀನು ತರಬೇಕು ಅಂತಿದ್ರು. ಅವರು ಹೋಗಿ ನಾಲ್ಕು ವರ್ಷ ಆಯ್ತು. ಈಗ ತಂದೆ."

"ಹಂಗಿದ್ರೆ ನಿಂಬೆ ಅನ್ನಿ."

ನಿಂಬೆಯೇ ಆಯಿತು.

ಆಮೇಲೆ ನೆಲದಲ್ಲಿ ಕೂತು ಬಳಸುವ ಕೆಳಮೇಜಿನ ಸುತ್ತ ಚಹಾ. ಬಾಲ್ಜಾನ್ ಅಪಾ ಬಾಗಿಲ ಬದಿಯಲ್ಲಿ ಚಹಾದ ನೀರು ಕಾಯಿಸುವ ಹಿತ್ತಾಳೆಯ ಸಮೋವಾರ್ ಪಕ್ಕ ಕೂತು, ಕುರಲಾಯ್‌ಳನ್ನು ತೋರ್‌ನಲ್ಲಿ ಕೂರಿಸಿ, ಹಾಲು ಬೆರೆಸಿದ ಚಹಾವನ್ನು ಬಟ್ಟಲಿಗೆ ಅರ್ಧ ಮಾತ್ರ ಬಗ್ಗಿಸಿದರು. ಅರ್ಧ ಬಟ್ಟಲೆಂದರೆ ಮತ್ತೆ ಮತ್ತೆ ಬಗ್ಗಿಸುತ್ತೇನೆ, ಕೂತಿರು ಎಂದರ್ಥ. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಬಾಯಿ ಬಿಟ್ಟು ಹೇಳುವವರು ಯಾರೂ ಇಲ್ಲ. ಹೇಳಬೇಕಾಗಿಯೂ ಇಲ್ಲ.

"ತಿನ್ನು, ನನ್ನ ಕುದುರೆಮರಿ," ಎಂದು ಅಪಾ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಬಾವುರ್ಸಾಕ್‌ಗಳ ತಟ್ಟೆಯನ್ನು ಮಗನ ಕಡೆ ತಳ್ಳಿದರು. ಕುರಲಾಯ್ ಕಡೆ ತಿರುಗಿ, "ನೀನೂ ತಗೋ, ಹುಡುಗಿ," ಎಂದರು.

ಕುದುರೆಮರಿ ಎಂದರೆ ಹೆತ್ತ ಮಕ್ಕಳನ್ನು ಕರೆಯುವ ಮುದ್ದಿನ ಮಾತು. ಮೂವತ್ತೇಳು ವರ್ಷದ, ಆರಡಿ ಎತ್ತರದ ಕುದುರೆಮರಿ ಕಿವಿ ಕೆಂಪು ಮಾಡಿಕೊಂಡು ಬಾವುರ್ಸಾಕ್ ಜಗಿಯಿತು.

*

ಕುರಲಾಯ್ ಮರುದಿನ ಬಂದಳು. ಅದರ ಮರುದಿನವೂ ಬಂದಳು.

ಪ್ರತಿದಿನ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಹೊಟ್ಟೆ ತುಂಬಿದರೆ ಜಗಳ ಕಮ್ಮಿ ಎಂದು ತೊಟ್ಟಿಯ ಎರಡು ತುದಿಯಲ್ಲೂ ಸಮುದ್ರಪಾಚಿಯ ಹಾಳೆಯನ್ನು ಕ್ಲಿಪ್ ಹಾಕಿ ತೂಗುಬಿಟ್ಟಳು. ಒಂದು ದಿನ ಗಾಜಿನ ಹೊರಗೆ ಕನ್ನಡಿ ಅಂಟಿಸಿದಳು. ಅಡ್ಮಿರಲ್ ಅದರಲ್ಲಿ ತನ್ನನ್ನೇ ಕಂಡು, ಯಾರೋ ಹೊಸ ಶತ್ರುವೆಂದು ರೆಕ್ಕೆ ಬಿಚ್ಚಿ ಹಾರಾಡಿದ.

"ಇದೇನು ಮಾಡ್ತಿದಾನೆ?" ದೌರೆನ್ ಕೇಳಿದ.

"ತನ್ನ ಜೊತೆ ತಾನೇ ಹೊಡೆದಾಡ್ತಿದಾನೆ. ಸುಸ್ತಾಗಲಿ ಅಂತ."

ಅದೇ ಹೊತ್ತಿಗೆ ಅಲ್ಲಿಂದ ಹಾದುಹೋದ ಬಾಲ್ಜಾನ್ ಅಪಾ ಕನ್ನಡಿಯಲ್ಲಿ ತಮ್ಮ ಮುಖ ಕಂಡು ನಿಂತರು, ಮುಖ ಗಂಟು ಹಾಕಿದರು. ಕನ್ನಡಿಯೊಳಗಿನವರೂ ಗಂಟು ಹಾಕಿದರು. "ಇಂಥ ಜಾಗದಲ್ಲಿ ಕನ್ನಡಿ ಯಾರಿಟ್ಟಿದ್ದು?" ಎಂದು ಗೊಣಗಿ ಒಳಗೆ ಹೋದರು. ದೌರೆನ್ ಕುರಲಾಯ್‌ಳನ್ನು ನೋಡಿದ, ಕುರಲಾಯ್ ಛಾವಣಿ ನೋಡಿದಳು. ಇಬ್ಬರೂ ನಗು ನುಂಗಲು ಪಟ್ಟ ಪಾಡು ಅವರಿಗೇ ಗೊತ್ತು.

ಡಾಕ್ಟರ್ ಸಾಹೇಬರು ಸಂಜೆಯ ರೋಗಿಗಳನ್ನೆಲ್ಲ ಬೆಳಿಗ್ಗೆಗೆ ದಾಟಿಸಿ ಐದಕ್ಕೆ ಸರಿಯಾಗಿ ಮನೆಗೆ ಬರತೊಡಗಿದರು. ಬಂದು ಟಾರ್ಚ್ ಹಿಡಿದು ಅವಳ ಹಿಂದೆ ನಿಲ್ಲುವುದು. ಟಾರ್ಚ್ ಬೆಳಕು ಕಲ್ಲಿನ ಮೇಲೆ ಬೀಳುವ ಬದಲು ಅವಳ ಕೈ ಮೇಲೆ, ಕೈಯಿಂದ ಕಿವಿಯ ಬೆಳ್ಳಿ ಓಲೆಯ ಮೇಲೆ ಜಾರುವುದು.

"ಮೀನು ಆ ಕಡೆ ಇದೆ," ಎಂದಳು ಅವಳು ತಿರುಗದೇ.

"ಗೊತ್ತು."

"ಮತ್ತೆ?"

"ಟಾರ್ಚಿಗೆ ಗೊತ್ತಿಲ್ಲ."

ಅವಳ ಕೈಯಲ್ಲಿದ್ದ ಕ್ಲಿಪ್ ನೀರಿಗೆ ಬಿತ್ತು. ಹತ್ತು ವರ್ಷದಲ್ಲಿ ಅವಳು ಕ್ಲಿಪ್ ಬೀಳಿಸಿದ್ದು ಅದೇ ಮೊದಲು.

ಹತ್ತನೇ ದಿನ ಡಬ್ಬಿಯ ಮುಚ್ಚಳ ತೆರೆದಳು. ನಿಂಬೆ ಮೆಲ್ಲನೆ ಹೊರಬಂದು ಒಂದು ಸುತ್ತು ಹಾಕಿದಳು. ಮೂವರೂ ಉಸಿರು ಹಿಡಿದು ನೋಡಿದರು. ಅಡ್ಮಿರಲ್ ಗುಹೆಯಿಂದ ಬಾಣ ಬಿಟ್ಟಂತೆ ನುಗ್ಗಿ ಬಾಲ ಓರೆ ಮಾಡಿ ಬೀಸಿದ. ಕುರಲಾಯ್‌ಳ ಬಲೆ ಒಂದು ಕ್ಷಣ ತಡವಾಗಿದ್ದರೆ ನಿಂಬೆಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಇನ್ನು ಒಂದೇ ದಾರಿ," ಎಂದಳು ಅವಳು ಕೈ ಒರೆಸಿಕೊಳ್ಳುತ್ತ. "ಅಡ್ಮಿರಲ್‌ನ ಹತ್ತು ದಿನ ಹೊರಗೆ ತೆಗೆದಿಡ್ಬೇಕು. ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಥರ ಜೋಡಿಸ್ಬೇಕು. ನಿಂಬೆ ಮೊದಲು ಒಳಗೆ ಬೇರು ಬಿಡಲಿ. ಆಮೇಲೆ ಅವನು ವಾಪಸ್ ಬಂದಾಗ ಯಾವ ಕಲ್ಲೂ ಅವನದ್ದಾಗಿರಲ್ಲ. ಅವನೂ ಹೊಸಬ, ಅವಳೂ ಹೊಸಬಳು."

"ಕಲ್ಲು ಮುಟ್ಟಬೇಡಿ."

ಬಾಲ್ಜಾನ್ ಅಪಾ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಕುರಲಾಯ್ ಎಂದೂ ಕೇಳಿರಲಿಲ್ಲ.

"ನನ್ನ ಗಂಡ ಹರೆಯದಲ್ಲಿ ಮೂರು ವರ್ಷ ವ್ಲಾಡಿವೊಸ್ಟಾಕ್‌ನಲ್ಲಿ ನಾವಿಕರಾಗಿದ್ದೋರು. ಈ ಕಲ್ಲುಗಳನ್ನ ಅವರೇ ಕೈಯಾರೆ ಇಟ್ಟಿದ್ದು. ಅವು ಹಂಗೇ ಇರ್ಬೇಕು."

"ಅಮ್ಮ, ನಿಂಬೆ ಸಾಯುತ್ತೆ," ಎಂದ ದೌರೆನ್.

"ಹಂಗಿದ್ರೆ ನಿಂಬೆ ಹೋಗಲಿ."

ಅಪಾ ಸಮೋವಾರ್ ಪಕ್ಕ ಕೂತು ಕುರಲಾಯ್‌ಗೆ ಒಂದು ಬಟ್ಟಲು ಚಹಾ ಕೊಟ್ಟರು. ಅಂಚಿನವರೆಗೆ ತುಂಬಿತ್ತು. ಕುರಲಾಯ್ ಅದನ್ನು ಒಂದು ಹನಿಯೂ ಚೆಲ್ಲದೆ ಕುಡಿದು, ರಹಮತ್ ಎಂದು ಧನ್ಯವಾದ ಹೇಳಿ ಎದ್ದಳು.

*

ನಿಂಬೆಯಿದ್ದ ಬಕೆಟ್ಟನ್ನು ದೌರೆನ್ ಕಾರಿನವರೆಗೆ ಹೊತ್ತು ತಂದ. ಬೀದಿಯ ಬದಿಯ ಕಾಲುವೆಯಲ್ಲಿ ಬೆಟ್ಟದ ಹಿಮ ಕರಗಿದ ನೀರು ಗಲಗಲ ಹರಿಯುತ್ತಿತ್ತು.

"ಒಂದು ಮಾತು ಕೇಳ್ಲಾ? ಮೀನಿಗೋಸ್ಕರ ದಿನಾ ಬರಬೇಕಿತ್ತಾ?"

"ಇಲ್ಲ. ವಾರಕ್ಕೆ ಎರಡು ಸಲ ಸಾಕಿತ್ತು," ಎಂದಳು ಕುರಲಾಯ್. ಅವಳು ಸುಳ್ಳು ಹೇಳುವವಳಲ್ಲ, ಹೇಳಿದರೂ ಕೆಂಪಾದ ಕಿವಿಗಳು ಬಿಟ್ಟುಕೊಡುತ್ತವೆ.

ಬಕೆಟ್ ಹಿಡಿದುಕೊಂಡೇ ಅವನು ಕೇಳಿದ. "ನನ್ನ ಮದುವೆ ಆಗ್ತೀರಾ?"

ನೀರು ತುಳುಕಿ ಅವನ ಬೂಟಿನ ಮೇಲೆ ಬಿತ್ತು. ಅವನಿಗೆ ಗೊತ್ತಾಗಲಿಲ್ಲ. ಅವಳಿಗೆ ಆ ಬೂಟಿನ ಮೇಲೂ ಪ್ರೀತಿ ಬಂತು. ಮುಚ್ಚಿಡುವುದೇನು, ಹತ್ತು ದಿನದಿಂದ ಅವಳಿಗೆ ಅವನ ಟಾರ್ಚು, ಅವನ ಒಂದೇ ಗುಳಿ, ಅವನು ಬಾಗಿಲು ತೆರೆಯುವ ಸದ್ದು, ಎಲ್ಲದರ ಮೇಲೂ ಪ್ರೀತಿ.

"ನಿಮ್ಮನ್ನ ಆಗ್ತೀನಿ," ಎಂದಳು. "ಆ ಮನೇನ ಆಗಲ್ಲ."

"ಅಂದ್ರೆ?"

"ನಾನು ಒಂದು ಸಲ ಸೊಸೆಯಾಗಿದ್ದೆ, ದೌರೆನ್. ಮೂರು ವರ್ಷ ಬಾಗಿಲ ಹತ್ರ ಕೂತು ಟೀ ಬಗ್ಗಿಸಿದೆ. ಒಂದು ಚಮಚದ ಜಾಗ ಬದಲಾಯಿಸೋ ಹಕ್ಕಿರಲಿಲ್ಲ. ಕೊನೆಗೆ ನಾನೇ ಎದ್ದು ಬಂದೆ. ನಿಮ್ಮಮ್ಮ ಕೆಟ್ಟೋರಲ್ಲ. ಅಡ್ಮಿರಲ್ಲೂ ಕೆಟ್ಟೋನಲ್ಲ. ಆದ್ರೆ ಅಲ್ಲಿ ಪ್ರತಿ ಕಲ್ಲೂ ಅವರದ್ದೇ. ಪಂಪಿನ ಮೂಲೇಲಿ ರೆಕ್ಕೆ ಹರಿಸ್ಕೊಂಡು ಕೂರೋಕೆ ನನ್ ಕೈಲಿ ಇನ್ನೊಂದ್ಸಲ ಆಗಲ್ಲ."

"ಬೇರೆ ಮನೆ ಮಾಡೋಣ."

"ನೀವು ಕಿರೀ ಮಗ."

ಕಜಕ್ ಮನೆಗಳ ರೂಢಿ ಅದು. ಹಿರಿಯರು ಬೇರೆ ಹೋಗುತ್ತಾರೆ, ಕಿರಿಯವನು ತಂದೆಯ ಮನೆಯಲ್ಲಿ ಉಳಿಯುತ್ತಾನೆ, ಒಲೆ ಆರದಂತೆ ನೋಡಿಕೊಳ್ಳುತ್ತಾನೆ. ಅವನ ಇಬ್ಬರು ಅಣ್ಣಂದಿರೂ ಎಂದೋ ದೂರದ ಊರು ಸೇರಿದ್ದರು.

"ಅಮ್ಮನ್ನ ಒಂಟಿ ಮಾಡಿ ಬಂದೋನನ್ನ ಕಟ್ಕೊಂಡು ನಾನೇನು ಸುಖಪಡ್ಲಿ? ಬಕೆಟ್ ಕೊಡಿ."

ತಿರುವಿನಲ್ಲಿ ಅವನು ಮರೆಯಾಗುವವರೆಗೂ ಅವಳು ಕಾರಿನ ಕನ್ನಡಿಯಲ್ಲಿ ಅವನನ್ನು ನೋಡಿದಳು. ಆಮೇಲೆ ಕಾರು ನಿಲ್ಲಿಸಿ ಅತ್ತಳು. ಅತ್ತು ಮುಗಿದ ಮೇಲೆ ಬಕೆಟ್ಟಿನ ನೀರಿನ ಬಿಸಿ ನೋಡಿದಳು.

*

ಅವಳ ಕೆಲಸದ ಜಾಗ ಹಳೇ ಕಟ್ಟಡವೊಂದರ ನೆಲಮಾಳಿಗೆ. ಸಣ್ಣ ತೊಟ್ಟಿಯಲ್ಲಿ ನಿಂಬೆಯ ರೆಕ್ಕೆ ಚಿಗುರತೊಡಗಿತು. ದೌರೆನ್ ಬರಲಿಲ್ಲ, ಅವಳೇ ಬರಬೇಡವೆಂದಿದ್ದಳು. ದಿನಕ್ಕೊಂದು ಮೆಸೇಜ್ ಮಾತ್ರ ಬರುತ್ತಿತ್ತು.

"ಅಡ್ಮಿರಲ್ ಪಾಚಿ ಮುಟ್ತಿಲ್ಲ."

"ಡಾಕ್ಟರ್?"

"ಡಾಕ್ಟರ್ ಎರಡು ಪಾಲು ತಿಂತಿದಾರೆ. ಏನು ತಿಂದೆ ಅಂತ ಕೇಳಿದ್ರೆ ನೆನಪಾಗಲ್ಲ."

ಅವಳು ಅದನ್ನು ಓದಿ ನಗುವಳು, ನಕ್ಕ ಮೇಲೆ ಮನಸ್ಸು ಭಾರವಾಗುವುದು. ಎರಡು ವಾರ ಹೀಗೇ ಕಳೆಯಿತು. ತಾನು ಹೇಳಿದ್ದು ಸರಿ ಎನ್ನುವುದರಲ್ಲಿ ಅವಳಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ, ಅದರಿಂದ ನೋವೇನೂ ಕಮ್ಮಿಯಾಗಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಕೋಲಿನ ಸದ್ದು. ಬಾಲ್ಜಾನ್ ಅಪಾ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಕೈಚೀಲದಲ್ಲಿ ಬಾವುರ್ಸಾಕ್.

ಕುರಲಾಯ್ ಕೂರಿಸಲು ಜಾಗ ಹುಡುಕಿ, ಕೊನೆಗೆ ಉಪ್ಪಿನ ಖಾಲಿ ಡ್ರಮ್ಮೊಂದನ್ನು ಬೋರಲು ಹಾಕಿ ಮೇಲೊಂದು ಟವೆಲ್ ಹಾಸಿದಳು. ಅಪಾ ಕೂತರು. ನಿಂಬೆಯನ್ನು ಬಹಳ ಹೊತ್ತು ನೋಡಿದರು.

"ಮೈ ತುಂಬ್ಕೊಂಡಿದೆ."

"ಹೂಂ ಅಪಾ."

"ನಮ್ಮವನು ಏನೂ ತಿಂತಿಲ್ಲ. ಮೀನಿನ ಮಾತು ಹೇಳ್ತಿದೀನಿ." ಅಪಾ ಕೋಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು. "ಕಲ್ಲು ತೆಗೆದ್ರೆ ಅವನು ಸಾಯಲ್ವಾ?"

"ಸಾಯಲ್ಲ. ಎರಡು ದಿನ ಮುನಿಸ್ಕೋತಾನೆ."

"ಹೊರಗೆ ಅಂದ್ರೆ ಎಲ್ಲಿ ಇಡ್ತೀಯ?"

"ಇಲ್ಲೇ. ನನ್ನ ಕಣ್ಮುಂದೆ."

"ಹಳೇದೆಲ್ಲ ಮರೆತೇ ಹೋಗುತ್ತಾ ಅವನಿಗೆ?"

"ಯಾವ ಕಲ್ಲು ತನ್ನದು ಅನ್ನೋದು ಮರೆಯುತ್ತೆ ಅಪಾ. ಈಜೋದು ಮರೆಯಲ್ಲ."

ಅಪಾ ಅವಳ ಮುಖವನ್ನೇ ನೋಡಿದರು. "ನೀನು ಮೀನಿನ ವಿಷಯ ಹೇಳ್ತಿದೀಯೋ, ನನ್ನ ವಿಷಯಾನೋ?"

"ಮೀನಿನ ವಿಷಯ."

"ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿದೀನಿ. ನಿನ್ನ ಕಿವಿ ಕೆಂಪಾಗಿದೆ."

ಕುರಲಾಯ್ ಕಿವಿ ಮುಟ್ಟಿ ನೋಡಿಕೊಂಡಳು. ಅಪಾ ನಗಲಿಲ್ಲ.

"ನಾನೂ ಒಂದು ಸುಳ್ಳು ಹೇಳಿದೀನಿ," ಎಂದರು. "ಆ ಕಲ್ಲುಗಳು ಯಾವಾಗಲೂ ಹಂಗೇ ಇರ್ಲಿಲ್ಲ. ಅವರು ಪ್ರತಿ ವಸಂತದಲ್ಲೂ ಎಲ್ಲಾನೂ ಕಿತ್ತು ಬೇರೆ ಥರ ಇಡ್ತಿದ್ರು. ನೆಲವೆಲ್ಲ ನೀರು ಮಾಡೋರು, ನಾನು ಬೈತಿದ್ದೆ. ಕೊನೇ ವಸಂತದಲ್ಲಿ ಇಟ್ಟಿದ್ದು ಹಂಗೇ ಉಳೀತು, ಅಷ್ಟೇ. ಅದನ್ನ ಕದಲಿಸಿದ್ರೆ ಅವರು ಪೂರ್ತಿ ಹೋದಂಗೆ ಅನ್ಸೋದು ನನಗೆ."

ಕುರಲಾಯ್ ಎದ್ದು ಬಂದು ಅಪಾ ಪಕ್ಕ ನೆಲದ ಮೇಲೆ ಕೂತಳು. 

"ಆ ಹಳದಿ ಬೇಕು ಅಂತ ಅವರು ಎಷ್ಟು ಸಲ ಕೇಳಿದ್ರು ಗೊತ್ತಾ? ಇರೋ ಒಬ್ಬ ಸಾಕು ಅಂತ ನಾನೇ ತಡೆದೆ." ಅಪಾ ಮೂಗು ಒರೆಸಿಕೊಂಡು, ದನಿಯನ್ನು ತರಗತಿಯ ದನಿ ಮಾಡಿಕೊಂಡರು. "ಸೋಮವಾರದ ರೈಲಿಗೆ ನಾನು ತರಾಜ್‌ನಲ್ಲಿರೋ ತಂಗಿ ಮನೆಗೆ ಹೋಗ್ತಿದೀನಿ. ಹತ್ತು ದಿನ. ಕಲ್ಲು ತೆಗೀರಿ. ಕೋಣೇಲಿ ಬೇರೇನಾದ್ರೂ ತೆಗೀಬೇಕು ಅನ್ಸಿದ್ರೆ ಅದನ್ನೂ ತೆಗೀರಿ. ಸಮೋವಾರ್ ಮಾತ್ರ ಹುಷಾರು, ನನ್ನಜ್ಜಿದು."

ಮೆಟ್ಟಿಲು ಹತ್ತುತ್ತ ತಿರುಗಿ ನೋಡಿದರು. "ಅವನಿಗೆ ಈರುಳ್ಳಿ ಹಾಕಿದ ಸೂಪ್ ಆಗಲ್ಲ. ಈಗ ಮಗನ ವಿಷಯ ಹೇಳ್ತಿದೀನಿ."

*

ಅಡ್ಮಿರಲ್ ಬಕೆಟ್ಟಿನಲ್ಲಿ ಕೂತು ನೆಲಮಾಳಿಗೆಗೆ ವನವಾಸ ಹೋದ, ನಿಂಬೆ ಅದೇ ಬಕೆಟ್ಟಿನಲ್ಲಿ ದೊಡ್ಡ ತೊಟ್ಟಿಗೆ ಮರಳಿದಳು. ಮಂಗಳವಾರ ಮಧ್ಯಾಹ್ನ, ಕಿಟಕಿಯ ತುಂಬ ಬಿಸಿಲಿರುವಾಗ, ದೌರೆನ್ ಮತ್ತು ಕುರಲಾಯ್ ತೊಟ್ಟಿಯ ಎರಡು ಬದಿಗೆ ಸ್ಟೂಲ್ ಹಾಕಿ ಹತ್ತಿದರು.

ಭುಜದವರೆಗೂ ತೋಳು ನೀರಿಗಿಳಿಸಿ ಒಂದೊಂದೇ ಕಲ್ಲು ಎತ್ತಿದರು. ನೀರು ಬೆಚ್ಚಗಿತ್ತು. ಅತಿ ದೊಡ್ಡ ಕಲ್ಲು ಒಬ್ಬರಿಂದ ಆಗುವಂಥದ್ದಲ್ಲ. ಅವನು ಒಂದು ಕಡೆ ಹಿಡಿದ, ಅವಳು ಇನ್ನೊಂದು ಕಡೆ. ಕಲ್ಲಿನಡಿಯಲ್ಲಿ ಅವನ ಬೆರಳು ಅವಳ ಬೆರಳಿಗೆ ತಾಕಿತು. ಯಾರೂ ಕೈ ಎಳೆದುಕೊಳ್ಳಲಿಲ್ಲ.

"ಎಲ್ಲಿ ಇಡೋಣ?" ಅವನು ಕೇಳಿದ.

"ಎಡಕ್ಕೆ. ಎರಡು ಗುಹೆ ಆಗಬೇಕು. ಒಬ್ಬರಿಗೊಬ್ಬರು ಕಾಣದ ಹಾಗೆ ಕೂರೋಕೆ ಜಾಗ ಇದ್ರೆ, ಒಬ್ಬರನ್ನೊಬ್ಬರು ನೋಡೋಕೆ ತಾವೇ ಬರ್ತಾರೆ."

"ಇದು ಮೀನಿನ ವಿಷಯಾನಾ?"

"ನಿಮ್ಮ ಮನೇಲಿ ಎಲ್ಲರೂ ಇದನ್ನೇ ಕೇಳ್ತೀರಲ್ಲ!"

ಕಲ್ಲು ಕೂತಿತು. ಕೈಗಳು ಮಾತ್ರ ನೀರಿನಲ್ಲೇ ಉಳಿದವು. ಗಾಜಿನ ಹೊರಗಿನಿಂದ ನೋಡಿದ್ದರೆ ಅವರ ಬೆರಳುಗಳು ಒಂದಕ್ಕೊಂದು ಹೆಣೆದುಕೊಂಡಿದ್ದು ದೊಡ್ಡದಾಗಿ ಕಾಣುತ್ತಿತ್ತು. ನೋಡಲು ನಿಂಬೆ ಒಬ್ಬಳೇ ಇದ್ದಳು.

"ಕುರಲಾಯ್," ಎಂದ ಅವನು. "ನಾನು ನಿನ್ನನ್ನ ತುಂಬಾ ಪ್ರೀತಿಸ್ತೀನಿ. ಸೌಟು ಹಿಡಿದು ಬಾಗಿಲು ತೆಗೆದಾಗಿಂದ."

ನೀವು ಎನ್ನುವುದು ಎಲ್ಲೋ ನೀರಿನಲ್ಲಿ ಕರಗಿಹೋಗಿತ್ತು.

"ನಾನು ಸ್ವಲ್ಪ ಲೇಟು," ಎಂದಳು ಅವಳು. "ನೀನು ನಕ್ಕಾಗಿಂದ."

ಅವನು ತೊಟ್ಟಿಯ ಅಂಚಿನ ಮೇಲೆ ಬಾಗಿದ. ಅವಳೂ ಬಾಗಿದಳು. ತುಟಿಗೆ ಉಪ್ಪು ಹತ್ತಿತು. ಸ್ಟೂಲು ಅಲುಗಾಡಿ ಒಂದು ಬೊಗಸೆ ಸಮುದ್ರ ನೆಲಕ್ಕೆ ಚೆಲ್ಲಿತು. ಈ ಮನೆಯಲ್ಲಿ ವಸಂತಕ್ಕೊಮ್ಮೆ ಆಗುತ್ತಿದ್ದ ಹಾಗೆಯೇ.

ಆ ವಾರ ಅವರು ಕೋಣೆಯ ದೊಡ್ಡ ಬೀರುವನ್ನೂ ಸರಿಸಿದರು. ಹಿಂದೆ ಅಡಗಿದ್ದ ಕಿಟಕಿ ತೆರೆದುಕೊಂಡಿತು. ಕೆಳಮೇಜನ್ನು ಆ ಕಿಟಕಿಯ ಬಳಿಗೆ ತಂದರು. ಸಮೋವಾರನ್ನು ಕುರಲಾಯ್ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದಳು.

*

ಹತ್ತನೇ ದಿನ ಬೆಳಿಗ್ಗೆ ಅಡ್ಮಿರಲ್ ಬಂದ. ಮೊದಲು ತೂತಿನ ಡಬ್ಬಿಯಲ್ಲಿ ಎರಡು ಗಂಟೆ ಅವನೇ ಕೂರಬೇಕಾಯಿತು. ಹೊರಬಿಟ್ಟಾಗ ನೇರ ಹಳೇ ಗುಹೆಯ ಕಡೆ ಹೋದ. ಅಲ್ಲಿ ಗುಹೆ ಇರಲಿಲ್ಲ. ಬಲಕ್ಕೆ ಹೋದ, ಎಡಕ್ಕೆ ಹೋದ. ಎಡಗಡೆಯ ಕಲ್ಲಿನ ಹಿಂದಿನಿಂದ ನಿಂಬೆ ರೆಕ್ಕೆ ನೆಟ್ಟಗೆ ಮಾಡಿಕೊಂಡು ಬಂದು, ಒಂದೇ ಒಂದು ಸಲ ಬಾಲ ಕೊಡವಿದಳು. ಅಡ್ಮಿರಲ್ ನಿಂತ. ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಇದ್ದು, ಬಲಗಡೆಯ ಪಾಚಿಯ ಹಾಳೆ ಜಗಿಯತೊಡಗಿದ.

"ತಿಂತಿದಾನೆ!" ದೌರೆನ್ ಪಿಸುಗುಟ್ಟಿದ.

ಆಗಲೇ ಕರೆಗಂಟೆ ಸದ್ದಾಯಿತು.

ಕುರಲಾಯ್ ಬಾಗಿಲು ತೆರೆದಳು. ಬಾಲ್ಜಾನ್ ಅಪಾ ಕೈಯಲ್ಲಿ ಉಡುಗೊರೆಯ ಗಂಟು ಹಿಡಿದು ನಿಂತಿದ್ದರು. ತಮ್ಮ ಮನೆಯ ಬೀಗದ ಕೈ ಅವರ ಚೀಲದಲ್ಲೇ ಇತ್ತು.

"ಅತಿಥಿ ಬಂದಿದೀನಿ," ಎಂದರು. "ಒಳಗೆ ಬರ್ಲಾ?"

"ಬನ್ನಿ ಅಪಾ."

ಒಳಗೆ ಬಂದು ನಡುಕೋಣೆಯಲ್ಲಿ ನಿಂತರು. ಬೀರು ಇದ್ದಲ್ಲಿ ಬಿಸಿಲಿತ್ತು. ಮೇಜು ಇದ್ದಲ್ಲಿ ಖಾಲಿ. ಎಲ್ಲಿ ಕೂರಬೇಕೆಂದು ತಿಳಿಯದೆ ಅವರು ಚೀಲವನ್ನು ಎದೆಗೆ ಒತ್ತಿಕೊಂಡಿದ್ದರು. ಅದನ್ನು ಕಂಡು, ಕಲ್ಲು ಸರಿಸಿದ್ದು ಹೆಚ್ಚಾಯಿತೇನೋ ಎಂದು ಕುರಲಾಯ್‌ಗೆ ಮೊದಲ ಬಾರಿಗೆ ಅಂಜಿಕೆಯಾಯಿತು.

"ತೋರ್‌ಗೆ ಬನ್ನಿ ಅಪಾ," ಎಂದು ಕಿಟಕಿಯ ಪಕ್ಕದ ಮೆತ್ತೆ ತೋರಿಸಿದಳು.

ಅಪಾ ಹೋಗಿ ಕೂತರು. ಕಿಟಕಿಯಾಚೆ ಹಿಮದ ಬೆಟ್ಟ ಕಾಣುತ್ತಿತ್ತು. ತೊಟ್ಟಿಯಲ್ಲಿ ನೇರಳೆ ಒಂದು ಕಡೆ, ಹಳದಿ ಒಂದು ಕಡೆ. ಅಪಾ ಎರಡನ್ನೂ ನೋಡಿದರು, ಕಲ್ಲುಗಳನ್ನು ನೋಡಿದರು. "ಎಡಗಡೆ ಆ ದೊಡ್ಡದನ್ನ ಅವರು ಯಾವತ್ತೂ ಸರಿಯಾಗಿ ಕೂರಿಸಿರ್ಲಿಲ್ಲ," ಎಂದರು ಮೆಲ್ಲಗೆ. "ಈಗ ಕೂತಿದೆ."

ಕುರಲಾಯ್‌ಳ ಮೂರು ವರ್ಷದ ಹಳೇ ಅಭ್ಯಾಸ ಕಾಲುಗಳನ್ನು ತಾನಾಗಿ ಬಾಗಿಲ ಬದಿಗೆ, ಸಮೋವಾರ್ ಪಕ್ಕಕ್ಕೆ ಒಯ್ದಿತು.

"ನೀನೆಲ್ಲಿಗೆ?"

"ಟೀ ಬಗ್ಗಿಸೋಕೆ, ಅಪಾ."

"ಏಳು ಅಲ್ಲಿಂದ!" ಅಪಾ ಕೋಲೂರಿ ಎದ್ದೇ ಬಿಟ್ಟರು. "ಈ ಮನೇಲಿ ಏನು ಬೇಕಾದ್ರೂ ಬದಲಾಯಿಸ್ಕೊಳ್ಳಿ. ಸಮೋವಾರ್ ಪಕ್ಕದ ಜಾಗ ನನ್ನದು. ನಲವತ್ತನಾಲ್ಕು ವರ್ಷದಿಂದ ನನ್ನದು. ಅದಕ್ಕೆ ಬಂದ್ರೆ ನಾನೂ ಬಾಲ ಬೀಸೋಳೇ. ಹೋಗು, ಅಲ್ಲಿ ಕೂತ್ಕೋ."

ಕುರಲಾಯ್ ಹೋಗಿ ತೋರ್‌ನಲ್ಲಿ ದೌರೆನ್ ಪಕ್ಕ ಕೂತಳು. ಮೇಜಿನ ಅಡಿಯಲ್ಲಿ ಅವನು ಅವಳ ಕೈಬೆರಳು ಹಿಡಿದುಕೊಂಡ. ಅವನ ಕೈ ತಣ್ಣಗಿತ್ತು.

ಅಪಾ ಬಟ್ಟಲು ತೆಗೆದುಕೊಂಡರು. ಹಾಲು ಹಾಕಿದರು. ಸಮೋವಾರಿನ ನಲ್ಲಿಯನ್ನು ತಿರುಗಿಸಿದರು. ಚಹಾ ಬಟ್ಟಲಿಗೆ ಇಳಿಯಿತು, ಏರಿತು. ಕುರಲಾಯ್‌ಳ ಕಣ್ಣು ಬಟ್ಟಲಿನ ಅಂಚಿನ ಮೇಲೇ ಇತ್ತು. ಹೋದ ಸಲ ಇದೇ ಕೈ ಅದನ್ನು ತುಂಬಿಸಿ ಕೊಟ್ಟಿತ್ತು.

ಕೈ ಅರ್ಧಕ್ಕೆ ನಿಂತಿತು.

ಬಾಲ್ಜಾನ್ ಅಪಾ ಎರಡೂ ಕೈಯಲ್ಲಿ ಬಟ್ಟಲನ್ನು ಮೇಜಿನಾಚೆ ಚಾಚಿದರು. ದೌರೆನ್ ತನಗೆಂದುಕೊಂಡು ಕೈ ಮುಂದೆ ಮಾಡಿದ. ಅವರು ಒಂದು ಕೈ ಬಿಡಿಸಿ ಅವನ ಕೈ ಮೇಲೆ ಮೆಲ್ಲನೆ ಒಂದು ಏಟು ಹಾಕಿದರು.

"ನಿನಗಲ್ಲ," ಎಂದರು. "ತಗೋ, ನನ್ನ ಕುದುರೆಮರಿ. ಬೇಗ ಕುಡಿ, ಕುರಲಾಯ್. ಇನ್ನೂ ತುಂಬಾ ಸಲ ಬಗ್ಗಿಸೋದಿದೆ."